ಉಷ್ಣತೆ ಮತ್ತು ನೀರಿನ ತೂಕ: ಹಾಲಿನ ಪರೀಕ್ಷೆಗೂ ಕೃಷಿಹೊಂಡಕ್ಕೂ ಇರುವ ಸಂಬಂಧ

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ರೈತರ ಸಭೆ ಮುಗಿದ ಮೇಲೆ ಹೆಣ್ಣುಮಗಳೊಬ್ಬರು ನನ್ನ ಬಳಿ ಬಂದು ಒಂದು ಪ್ರಶ್ನೆ ಕೇಳಿದರು. ಅವರ ಮನೆ ಹಾಲಿನ ಡೇರಿಯ ಮಗ್ಗುಲಲ್ಲೇ ಇದೆ. ಹಸು ಕರೆದ ಐದು ನಿಮಿಷದಲ್ಲಿ ಹಾಲು ಡೇರಿ ತಲುಪುತ್ತದೆ. ಆದರೂ ಲ್ಯಾಕ್ಟೋಮೀಟರ್ ಇಳಿಬಿಟ್ಟಾಗ ಅದು 26ಕ್ಕೆ ನಿಂತು, "ಹಾಲಿಗೆ ನೀರು ಬಿದ್ದಿದೆ" ಎಂದು ಎಲ್ಲರೆದುರಿಗೆ ಹೇಳಿಸಿಕೊಳ್ಳಬೇಕಾಯಿತು. ಅವರ ಹಸುವಿನ ಒಡಹುಟ್ಟಿದ ಹಸು ದೂರದ ತೋಟದ ಮನೆಯಲ್ಲಿದೆ. ಮೇವು ಒಂದೇ, ತಳಿ ಒಂದೇ. ಆ ಹಾಲು ಒಂದು ಗಂಟೆ ತಡವಾಗಿ ಬಂದರೂ 29 ತೋರಿಸುತ್ತದೆ. "ಒಂದು ತೊಟ್ಟು ನೀರೂ ಹಾಕಿಲ್ಲ ಸ್ವಾಮಿ, ಇದು ಹೇಗೆ?" ಎಂದು ಅವರು ಕೇಳಿದರು.

ತಪ್ಪು ಹಸುವಿನದಲ್ಲ, ಆ ತಾಯಿಯದೂ ಅಲ್ಲ. ಅಳೆದವರು ಹಾಲಿನ ಬಿಸಿಯನ್ನು ಗಮನಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೆ. ನೀರು ಬಿಸಿಯಾದಂತೆ ಹಗುರವಾಗುತ್ತದೆ, ತಣ್ಣಗಾದಂತೆ ಭಾರವಾಗುತ್ತದೆ. ಹಾಲಿನ ನೂರು ಪಾಲಿನಲ್ಲಿ ಸುಮಾರು 87 ಪಾಲು ನೀರೇ ಆಗಿರುವುದರಿಂದ ಅದಕ್ಕೂ ಇದೇ ನಿಯಮ. ಈ ನಿಯಮವನ್ನು, ಅದು ರೈತರ ಕೆಲಸದಲ್ಲಿ ಎಲ್ಲಿ ಮುಖ್ಯ, ಎಲ್ಲಿ ಮುಖ್ಯವಲ್ಲ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಲೀಟರ್, ಒಂದು ಕಿಲೋ

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಇದು ಆಕಸ್ಮಿಕವಲ್ಲ. ಫ್ರಾನ್ಸ್ ದೇಶದವರು 1790ರ ದಶಕದಲ್ಲಿ ಮೆಟ್ರಿಕ್ ಪದ್ಧತಿಯನ್ನು ರೂಪಿಸುವಾಗ ನೀರನ್ನೇ ತೂಕದ ಆಧಾರವಾಗಿ ಇಟ್ಟುಕೊಂಡರು. 1795ರ ಕಾನೂನಿನಲ್ಲಿ ಕರಗುವ ಮಂಜುಗಡ್ಡೆಯ ಉಷ್ಣತೆಯ ನೀರನ್ನು ಆಧಾರವೆಂದು ಹೇಳಿದ್ದರು. ಆದರೆ ನೀರು ಅತ್ಯಂತ ಭಾರವಾಗಿರುವುದು ಆ ಉಷ್ಣತೆಯಲ್ಲಲ್ಲ, ಅದಕ್ಕಿಂತ ಸ್ವಲ್ಪ ಮೇಲೆ, ಸುಮಾರು 4 ಡಿಗ್ರಿ ಸೆಂಟಿಗ್ರೇಡ್‌ನಲ್ಲಿ. 1799ರಲ್ಲಿ ಕಿಲೋಗ್ರಾಂ ಬಟ್ಟನ್ನು ನಿಶ್ಚಯಿಸುವಾಗ ಈ 4 ಡಿಗ್ರಿಯ ನೀರನ್ನೇ ಅಳತೆಗೆ ತೆಗೆದುಕೊಂಡರು. ನಮ್ಮ ದೇಶ 1956ರ ಕಾಯಿದೆಯ ಮೂಲಕ ಸೇರು, ಮಣಗಳನ್ನು ಬಿಟ್ಟು ಕಿಲೋ, ಲೀಟರುಗಳಿಗೆ ಬಂದಾಗ ಈ ಲೆಕ್ಕವೂ ನಮ್ಮದಾಯಿತು.

ಹೀಗಾಗಿ "ಒಂದು ಲೀಟರ್ ನೀರು ಒಂದು ಕಿಲೋ" ಎಂಬ ಮಾತು 4 ಡಿಗ್ರಿಯಲ್ಲಿ ಮಾತ್ರ ಸರಿಯಾಗಿ ಹೊಂದುತ್ತದೆ. ಉಳಿದ ಉಷ್ಣತೆಗಳಲ್ಲಿ ಒಂದು ಲೀಟರ್ ನೀರು ಎಷ್ಟು ತೂಗುತ್ತದೆಂಬುದನ್ನು ಕೆಳಗೆ ನೋಡಿರಿ.

ಉಷ್ಣತೆ (ಡಿಗ್ರಿ ಸೆಂ.) ಮತ್ತು ಒಂದು ಲೀಟರಿನ ತೂಕ (ಗ್ರಾಂ)

0 (ಮಂಜುಗಡ್ಡೆ) — 917
0 (ನೀರು) — 999.8
4 — 1000.0
10 — 999.7
20 — 998.2
25 — 997.0
30 — 995.7
35 — 994.0
40 — 992.2
60 — 983.2
80 — 971.8
100 (ಕುದಿಯುವ ನೀರು) — 958.4

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ಕೊಡ ನೀರನ್ನು ಮುಚ್ಚಿಟ್ಟು ಕಾಯಿಸಿದರೆ ಅದರ ಒಟ್ಟು ತೂಕ ಕಡಿಮೆಯಾಗುವುದಿಲ್ಲ. ಆವಿಯಾಗಿ ಹೋಗದಿದ್ದರೆ ಹತ್ತು ಕಿಲೋ ನೀರು ಹತ್ತು ಕಿಲೋ ಆಗಿಯೇ ಇರುತ್ತದೆ. ಬದಲಾಗುವುದು ಅದು ಹಿಡಿಯುವ ಜಾಗ. ಬಿಸಿಯಾದಾಗ ನೀರಿನ ಕಣಗಳು ಹೆಚ್ಚು ಚಲಿಸುತ್ತ ಒಂದಕ್ಕೊಂದು ದೂರ ಸರಿಯುತ್ತವೆ, ನೀರು ಹಿಗ್ಗುತ್ತದೆ. ಹಿಗ್ಗಿದ ನೀರಿನಿಂದ ಒಂದು ಲೀಟರ್ ಅಳೆದು ತೆಗೆದರೆ ಅದರಲ್ಲಿ ಕಣಗಳು ಕಡಿಮೆ, ಆದ್ದರಿಂದ ತೂಕವೂ ಕಡಿಮೆ. ಇಂತಿಷ್ಟು ಜಾಗದಲ್ಲಿ ಎಷ್ಟು ತೂಕ ಅಡಗಿದೆ ಎಂಬುದನ್ನೇ ಸಾಂದ್ರತೆ ಎನ್ನುತ್ತೇವೆ. ಒಂದು ಗೋಣಿಚೀಲದಲ್ಲಿ ರಾಗಿಯನ್ನು ಅದುಮಿ ತುಂಬಿದರೆ ಹೆಚ್ಚು ತೂಗುವುದೂ ಸಡಿಲವಾಗಿ ತುಂಬಿದರೆ ಕಡಿಮೆ ತೂಗುವುದೂ ನಿಮಗೆ ಗೊತ್ತಿರುವ ವಿಷಯವೇ.

ಮಂಜುಗಡ್ಡೆಯ ಮಾತು ಬೇರೆ. ನೀರು ಹೆಪ್ಪುಗಟ್ಟುವಾಗ ಅದರ ಕಣಗಳು ಜೇನುಹುಟ್ಟಿನ ಹಾಗೆ ನಡುವೆ ಟೊಳ್ಳು ಬಿಟ್ಟು ಜೋಡಣೆಗೊಳ್ಳುತ್ತವೆ. ಆದುದರಿಂದ 11 ಪಾಲು ನೀರು ಸುಮಾರು 12 ಪಾಲು ಮಂಜುಗಡ್ಡೆಯಾಗಿ ಉಬ್ಬುತ್ತದೆ. ಆಲಿಕಲ್ಲು ನೀರಿನಲ್ಲಿ ತೇಲುವುದು ಇದೇ ಕಾರಣದಿಂದ. ಕಾಶ್ಮೀರದ ದಲ್ ಸರೋವರ ತೀವ್ರ ಚಳಿಯಲ್ಲಿ ಮೇಲ್ಭಾಗದಿಂದಲೇ ಹೆಪ್ಪುಗಟ್ಟುತ್ತದೆ, ಕೆಳಗೆ ನೀರು ನೀರಾಗಿಯೇ ಉಳಿದು ಮೀನುಗಳು ಬದುಕುತ್ತವೆ.

ಮನೆಯಲ್ಲೇ ನೋಡಬಹುದು

ಬಚ್ಚಲಮನೆಯ ಹಂಡೆಯನ್ನು ನೆನಪು ಮಾಡಿಕೊಳ್ಳಿರಿ. ಒಲೆ ಇರುವುದು ಕೆಳಗೆ. ಆದರೂ ತಂಬಿಗೆಯಿಂದ ಮೊಗೆಯುವಾಗ ಮೇಲಿನ ನೀರೇ ಬಿಸಿ. ತಳದಲ್ಲಿ ಕಾದ ನೀರು ಹಗುರವಾಗಿ ಮೇಲೇರುತ್ತದೆ, ಮೇಲಿನ ತಣ್ಣೀರು ಭಾರವಾಗಿ ಕೆಳಗಿಳಿದು ಕಾಯುತ್ತದೆ. ಮಾಳಿಗೆಯ ಮೇಲೆ ಕೂರಿಸುವ ಸಾದಾ ಸೌರ ಜಲತಾಪಕದಲ್ಲಿ ಪಂಪಿಲ್ಲದೆ ನೀರು ತಾನಾಗಿ ತಿರುಗುವುದೂ ಹೀಗೆಯೇ. 25 ಡಿಗ್ರಿಯ ನೀರಿಗೂ 60 ಡಿಗ್ರಿಯ ನೀರಿಗೂ ಲೀಟರಿಗೆ ಸುಮಾರು 14 ಗ್ರಾಂ ವ್ಯತ್ಯಾಸವಿದೆ. ಅಷ್ಟು ವ್ಯತ್ಯಾಸವೇ ಆ ನೀರನ್ನು ದೂಡುವ ಶಕ್ತಿ.

ಇನ್ನೊಂದು ಪರೀಕ್ಷೆ. ಕಿರಿದಾದ ಕತ್ತಿನ ಒಂದು ಲೀಟರ್ ಗಾಜಿನ ಸೀಸೆಯಲ್ಲಿ ಬೆಳಗಿನ ತಣ್ಣೀರನ್ನು ಬಾಯಿಮಟ್ಟ ತುಂಬಿ, ಹೊರಗೆ ಒರೆಸಿ, ಬಿಸಿಲಿನಲ್ಲಿಡಿ. ನೀರು 20 ಡಿಗ್ರಿಯಿಂದ 35 ಡಿಗ್ರಿಗೆ ಏರುವಷ್ಟರಲ್ಲಿ ಒಂದು ಸಣ್ಣ ಚಮಚದಷ್ಟು ನೀರು ಹೊರಕ್ಕೆ ಚೆಲ್ಲಿರುತ್ತದೆ. ಮಕ್ಕಳಿಗೆ ಈ ಪರೀಕ್ಷೆಯನ್ನು ತೋರಿಸಿರಿ.

ಎಲ್ಲಿ ಮುಖ್ಯವಲ್ಲ?

ನೀರು ಹಾಯಿಸುವ ಲೆಕ್ಕದಲ್ಲಿ ಇದನ್ನು ಬಿಟ್ಟುಬಿಡಬಹುದು. ಒಂದು ಎಕರೆಗೆ ಒಂದು ಅಂಗುಲ ನೀರು ಎಂದರೆ ಸುಮಾರು 1 ಲಕ್ಷ 3 ಸಾವಿರ ಲೀಟರ್. 20 ಡಿಗ್ರಿಯ ನೀರಿನ ಬದಲು 35 ಡಿಗ್ರಿಯ ನೀರು ಹಾಯಿಸಿದರೆ ತೂಕದಲ್ಲಿ ಕಡಿಮೆಯಾಗುವುದು ನೂರಕ್ಕೆ ಅರ್ಧ ಪಾಲಿಗಿಂತಲೂ ಕಡಿಮೆ. ಬಿಸಿನೀರು ಹಗುರವೆಂದು ಪಂಪಿನ ಶ್ರಮವಾಗಲಿ ವಿದ್ಯುತ್ತಿನ ಖರ್ಚಾಗಲಿ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಸಾಯಂಕಾಲ ನೀರು ಹಾಯಿಸಿರೆಂದು ಸಲಹೆ ಕೊಡುವುದು ಆವಿಯಾಗುವ ನೀರನ್ನು ಉಳಿಸಲು, ತೂಕಕ್ಕಾಗಿ ಅಲ್ಲ. ಬೆಚ್ಚಗಿನ ನೀರು ಮಣ್ಣಿನಲ್ಲಿ ಬೇಗ ಇಂಗುವುದು ನಿಜ. ಆದರೆ ಅದಕ್ಕೆ ಕಾರಣ ನೀರಿನ ಅಂಟುತನ ಕಡಿಮೆಯಾಗುವುದು. 20 ಡಿಗ್ರಿಯಿಂದ 35 ಡಿಗ್ರಿಗೆ ಹೋದಾಗ ತೂಕ ಇಳಿಯುವುದು ನೂರಕ್ಕೆ ಅರ್ಧ ಪಾಲಿಗಿಂತ ಕಡಿಮೆಯಾದರೆ, ಅಂಟುತನ ನೂರಕ್ಕೆ ಸುಮಾರು 28 ಪಾಲು ಇಳಿಯುತ್ತದೆ.

ಬತ್ತದ ಬೀಜವನ್ನು ಉಪ್ಪುನೀರಿನಲ್ಲಿ ಹಾಕಿ ಜೊಳ್ಳು ತೆಗೆಯುವಾಗಲೂ ಹಾಗೆಯೇ. ಹತ್ತು ಲೀಟರ್ ನೀರಿಗೆ ಒಂದು ಕಿಲೋ ಉಪ್ಪು ಕರಗಿಸಿದರೆ ಪ್ರತಿ ಲೀಟರ್ 60 ಗ್ರಾಂಗಿಂತಲೂ ಹೆಚ್ಚು ಭಾರವಾಗುತ್ತದೆ. ಅದರ ಮುಂದೆ ಬಿಸಿಯಿಂದಾಗುವ ಮೂರು ನಾಲ್ಕು ಗ್ರಾಂ ವ್ಯತ್ಯಾಸ ಲೆಕ್ಕಕ್ಕಿಲ್ಲ. ತೇಲಿದ ಜೊಳ್ಳನ್ನು ತೆಗೆದು, ಮುಳುಗಿದ ಬೀಜವನ್ನು ಎರಡು ಮೂರು ಬಾರಿ ಒಳ್ಳೆಯ ನೀರಿನಲ್ಲಿ ತೊಳೆಯುವುದನ್ನು ಮಾತ್ರ ಮರೆಯಬಾರದು.

ಎಲ್ಲಿ ಮುಖ್ಯ? ಮೊದಲನೆಯದಾಗಿ ಹಾಲಿನ ಪರೀಕ್ಷೆಯಲ್ಲಿ

ಲ್ಯಾಕ್ಟೋಮೀಟರ್ ಎಂಬುದು ತಳದಲ್ಲಿ ಭಾರವಿರುವ ಗಾಜಿನ ಬುರುಡೆ. ಭಾರವಾದ ದ್ರವದಲ್ಲಿ ಅದು ಮೇಲೆ ತೇಲುತ್ತದೆ, ಹಗುರವಾದ ದ್ರವದಲ್ಲಿ ಕೆಳಗೆ ಮುಳುಗುತ್ತದೆ. ಅದರ ಕಡ್ಡಿಯ ಮೇಲೆ 29 ಎಂದಿದ್ದರೆ ಒಂದು ಲೀಟರ್ ಹಾಲು ಸುಮಾರು 1029 ಗ್ರಾಂ ತೂಗುತ್ತದೆಂದು ಅರ್ಥ. ಸಾಮಾನ್ಯವಾಗಿ ಹಸುವಿನ ಹಾಲು 28ರಿಂದ 30, ಎಮ್ಮೆಯ ಹಾಲು 30ರಿಂದ 32 ತೋರಿಸುತ್ತದೆ.

ಆದರೆ ಈ ಅಂಕಿಗಳು ನಿಜವಾಗುವುದು ಆ ಮಾಪಕವನ್ನು ಯಾವ ಉಷ್ಣತೆಗೆ ತಯಾರಿಸಿದ್ದಾರೋ ಆ ಉಷ್ಣತೆಯಲ್ಲಿ ಮಾತ್ರ. ಕೆಲವು ಮಾಪಕಗಳು 60 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ 15.5 ಡಿಗ್ರಿ ಸೆಂಟಿಗ್ರೇಡ್‌ಗೆ, ಕೆಲವು 27 ಡಿಗ್ರಿ ಸೆಂಟಿಗ್ರೇಡ್‌ಗೆ, ಇನ್ನು ಕೆಲವು 84 ಡಿಗ್ರಿ ಫ್ಯಾರನ್‌ಹೀಟ್‌ಗೆ ತಯಾರಾಗಿರುತ್ತವೆ. ಕಡ್ಡಿಯೊಳಗಿನ ಕಾಗದದ ಮೇಲೆ ಇದನ್ನು ಬರೆದಿರುತ್ತಾರೆ.

ಈಗ ಆ ಹೆಣ್ಣುಮಗಳ ಲೆಕ್ಕವನ್ನು ನೋಡೋಣ. ಡೇರಿಯ ಮಾಪಕ 27 ಡಿಗ್ರಿಯದು. ಆಗತಾನೇ ಕರೆದ ಹಾಲಿನ ಬಿಸಿ ಹಸುವಿನ ಮೈಬಿಸಿಗೆ ಹತ್ತಿರ, 37 ಡಿಗ್ರಿ ಎಂದಿಟ್ಟುಕೊಳ್ಳೋಣ. ಬರಿಯ ನೀರೇ ಆಗಿದ್ದರೂ 27 ಡಿಗ್ರಿಯಲ್ಲಿ ಲೀಟರಿಗೆ 996.5 ಗ್ರಾಂ ಇದ್ದುದು 37 ಡಿಗ್ರಿಯಲ್ಲಿ 993.3 ಗ್ರಾಂ ಆಗುತ್ತದೆ, ಅಂದರೆ ಮೂರು ಗ್ರಾಂಗೆ ಮೇಲ್ಪಟ್ಟು ಇಳಿಯುತ್ತದೆ. ಹಾಲಿನಲ್ಲಿ ಜಿಡ್ಡೂ ಇರುವುದರಿಂದ, ಅದು ನೀರಿಗಿಂತ ಹೆಚ್ಚು ಹಿಗ್ಗುವುದರಿಂದ ಇಳಿತ ಇದಕ್ಕಿಂತ ಕಡಿಮೆಯಾಗದು. 29 ತೋರಿಸಬೇಕಾದ ಹಾಲು ಸುಮಾರು 26 ತೋರಿಸುತ್ತದೆ.

ಇನ್ನು ನಿಜವಾಗಿ ನೀರು ಬೆರೆಸಿದರೆ ಏನಾಗುತ್ತದೆ? 29 ತೋರಿಸುವ ಒಂಬತ್ತು ಲೀಟರ್ ಹಾಲಿಗೆ ಒಂದು ಲೀಟರ್ ನೀರು ಸೇರಿಸಿದರೆ ಮಾಪಕ ತೋರಿಸುವುದು 26.1. ಅಂದರೆ ಹತ್ತರಲ್ಲಿ ಒಂದು ಪಾಲು ನೀರು ಹಾಕಿದ ಹಾಲು, ಒಂದು ತೊಟ್ಟೂ ನೀರು ಹಾಕದ ಬಿಸಿ ಹಾಲು, ಎರಡೂ ಮಾಪಕಕ್ಕೆ ಒಂದೇ! ಉಷ್ಣಮಾಪಕವಿಲ್ಲದೆ ಇವೆರಡನ್ನು ಬೇರ್ಪಡಿಸಲು ಬರುವುದಿಲ್ಲ. ಮಾನದ ಪ್ರಶ್ನೆಯಷ್ಟೇ ಅಲ್ಲ, ಹಣದ ಪ್ರಶ್ನೆಯೂ ಇದರಲ್ಲಿದೆ. ಲ್ಯಾಕ್ಟೋಮೀಟರಿನಿಂದ ಜಿಡ್ಡೇತರ ಘನಾಂಶವನ್ನು ಲೆಕ್ಕ ಹಾಕುವ ಸೂತ್ರದಲ್ಲಿ ಮಾಪಕದ ಒಂದು ಡಿಗ್ರಿಗೆ ಕಾಲು ಪಾಲು ಶೇಕಡಾಂಶ ಬರುತ್ತದೆ. ಮೂರು ಡಿಗ್ರಿ ಕಡಿಮೆಯಾದರೆ ಮುಕ್ಕಾಲು ಅಂಶ ಹೋಯಿತು. ಶೇಕಡ 8.5 ಇದ್ದ ಹಾಲು 7.75 ಎಂದು ಬರೆಯಲ್ಪಡುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ತಣ್ಣಗೆ ಮಾಡಿದ ಹಾಲು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ನೀರು ಬೆರೆಸಿ ಚೆನ್ನಾಗಿ ತಂಪು ಮಾಡಿ ತಂದವನ ಹಾಲು ಪರೀಕ್ಷೆಯಲ್ಲಿ ಪಾರಾಗಬಹುದು. ಬಿಸಿಯನ್ನು ಅಳೆಯದ ಪರೀಕ್ಷೆ ಹೀಗೆ ಪ್ರಾಮಾಣಿಕನನ್ನು ಹಿಡಿದು ಕಳ್ಳನನ್ನು ಬಿಡುತ್ತದೆ. ಜೊತೆಗೆ, ಜಿಡ್ಡು ನೀರಿಗಿಂತ ಹಗುರವಾದ್ದರಿಂದ ಕೆನೆ ತೆಗೆದ ಹಾಲು ಹೆಚ್ಚು ಅಂಕಿ ತೋರಿಸುತ್ತದೆ. ಕೆನೆ ತೆಗೆದು ನೀರು ಹಾಕಿದರೆ ಮತ್ತೆ 29ಕ್ಕೇ ನಿಲ್ಲಿಸಬಹುದು. ಆದ್ದರಿಂದ ಲ್ಯಾಕ್ಟೋಮೀಟರನ್ನು ಒಂದನ್ನೇ ನಂಬದೆ ಜಿಡ್ಡಿನ ಪರೀಕ್ಷೆಯೊಡನೆ ನೋಡುವುದು ಸರಿಯಾದ ಕ್ರಮ.

ಪರೀಕ್ಷೆಯ ಸರಿಯಾದ ಕ್ರಮ

1. ಮಾಪಕದ ಮೇಲೆ ಬರೆದಿರುವ ಉಷ್ಣತೆಯನ್ನು ಮೊದಲು ಓದಿಕೊಳ್ಳಿ.

2. ಹಾಲನ್ನು ನಿಧಾನವಾಗಿ ಮೇಲೆ ಕೆಳಗೆ ಕಲಕಿ ಮಾದರಿ ತೆಗೆಯಿರಿ. ನೊರೆ ಇರಬಾರದು. ಆಗತಾನೇ ಕರೆದ ಹಾಲಿನಲ್ಲಿ ಸಣ್ಣ ಗಾಳಿಗುಳ್ಳೆಗಳು ಇರುತ್ತವೆ, ಜಿಡ್ಡೂ ಗಟ್ಟಿಯಾಗಿರುವುದಿಲ್ಲ. ಇದರಿಂದ ಹಾಲು ಮೊದಲ ಕೆಲವು ಗಂಟೆಗಳಲ್ಲಿ ಸ್ವಲ್ಪ ಹಗುರವಾಗಿಯೇ ಕಾಣುತ್ತದೆ.

3. ಮಾದರಿಯ ಪಾತ್ರೆಯನ್ನು ಬಾವಿಯ ನೀರಿನಲ್ಲಿ ನಿಲ್ಲಿಸಿ, ಬರೆದಿರುವ ಉಷ್ಣತೆಗೆ ಆದಷ್ಟು ಹತ್ತಿರ ತನ್ನಿರಿ. ಇದಕ್ಕಾಗಿ ಕ್ಯಾನಿನ ಹಾಲನ್ನೆಲ್ಲ ಕಾಯಿಸುವುದು ಬೇಡ. ಹಾಲು ಬೇಗ ಶೀತಲ ಕೇಂದ್ರ ಸೇರಲಿ, ತಣಿಯಬೇಕಾದದ್ದು ಮಾದರಿ ಮಾತ್ರ.

4. ಉಷ್ಣಮಾಪಕದಿಂದ ಬಿಸಿಯನ್ನು ಅಳೆದು, ಅನಂತರ ಲ್ಯಾಕ್ಟೋಮೀಟರನ್ನು ಪಾತ್ರೆಯ ಗೋಡೆಗೆ ತಾಗದಂತೆ ತೇಲಿಬಿಟ್ಟು ಓದಿರಿ.

5. ಸ್ವಲ್ಪ ವ್ಯತ್ಯಾಸ ಉಳಿದರೆ ತಿದ್ದುಪಡಿ ಮಾಡಿರಿ. 60 ಡಿಗ್ರಿ ಫ್ಯಾರನ್‌ಹೀಟಿನ ಮಾಪಕಕ್ಕೆ ಹಾಲು ಹೆಚ್ಚು ಬಿಸಿಯಿದ್ದರೆ ಪ್ರತಿ ಡಿಗ್ರಿ ಫ್ಯಾರನ್‌ಹೀಟ್‌ಗೆ 0.1 ಕೂಡಿಸಿ, ತಣ್ಣಗಿದ್ದರೆ ಅಷ್ಟೇ ಕಳೆಯಿರಿ. ಉದಾಹರಣೆಗೆ 70 ಡಿಗ್ರಿಯಲ್ಲಿ 28 ಬಂದರೆ ನಿಜವಾದ ಅಂಕಿ 29. ವ್ಯತ್ಯಾಸ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಮೀರಿದರೆ ಈ ಸರಳ ಲೆಕ್ಕ ಸರಿಹೋಗದು. ಆಗ ಮಾದರಿಯನ್ನು ತಣಿಸಿಯೇ ಓದಬೇಕು. ಬೇರೆ ಮಾಪಕಗಳಿಗೆ ಅವುಗಳೊಡನೆ ಬರುವ ತಿದ್ದುಪಡಿ ಕೋಷ್ಟಕವನ್ನೇ ಬಳಸಿರಿ.

ಈಗ ಅನೇಕ ಸಂಘಗಳಲ್ಲಿ ವಿದ್ಯುನ್ಮಾನ ಯಂತ್ರಗಳು ಬಂದಿವೆ. ಅವುಗಳಿಗೂ ಮಾದರಿಯ ಉಷ್ಣತೆ ಇಂತಿಷ್ಟರೊಳಗೆ ಇರಬೇಕೆಂದು ತಯಾರಕರು ಸೂಚಿಸಿರುತ್ತಾರೆ. ಅದನ್ನು ಕೇಳಿ ತಿಳಿದುಕೊಳ್ಳುವುದು ಸದಸ್ಯರ ಹಕ್ಕು.

ಎರಡನೆಯದಾಗಿ ಕೃಷಿಹೊಂಡದಲ್ಲಿ

ಕೃಷಿಹೊಂಡ ತೋಡಿಸಿಕೊಂಡ ರೈತರಲ್ಲಿ ಅನೇಕರು ಅದರಲ್ಲಿ ಕಾಟ್ಲಾ, ರೋಹು ಮೊದಲಾದ ಮೀನುಗಳನ್ನೂ ಬಿಟ್ಟಿರುತ್ತಾರೆ. ಬೇಸಿಗೆಯ ಕೊನೆಯ ಒಂದು ಮುಂಜಾನೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತ ಸಾಯುವುದನ್ನು ಕಂಡು, ಯಾರೋ ವಿಷ ಹಾಕಿದರೆಂದು ನೆರೆಯವರನ್ನು ಸಂಶಯಿಸುವುದುಂಟು. ಎಷ್ಟೋ ಸಲ ಇದಕ್ಕೆ ಕಾರಣ ನೀರಿನ ತೂಕವೇ.

ಹಗಲಿನ ಬಿಸಿಲಿಗೆ ಹೊಂಡದ ಮೇಲಿನ ನೀರು ಕಾದು ಹಗುರವಾಗಿ ಮೇಲೆಯೇ ಉಳಿಯುತ್ತದೆ. ತಳದ ತಣ್ಣೀರು ಭಾರವಾಗಿ ಕೆಳಗೇ ನಿಲ್ಲುತ್ತದೆ. ಹಾಲಿನ ಮೇಲೆ ಕೆನೆ ನಿಂತಂತೆ ಎರಡು ಪದರಗಳಾಗುತ್ತವೆ. ನಮ್ಮಂಥ ಬಿಸಿ ಸೀಮೆಯಲ್ಲಿ ಇದು ಬೇಗ ಆಗುತ್ತದೆ. 4ರಿಂದ 5 ಡಿಗ್ರಿಗೆ ಹೋದಾಗ ಲೀಟರಿಗೆ ಒಂದು ಗ್ರಾಮಿನ ನೂರನೇ ಒಂದು ಪಾಲಿಗಿಂತಲೂ ಕಡಿಮೆ ವ್ಯತ್ಯಾಸ ಬಂದರೆ, 30ರಿಂದ 31ಕ್ಕೆ ಹೋದಾಗ 0.3 ಗ್ರಾಂ ಬರುತ್ತದೆ. ಆದುದರಿಂದ ಎರಡು ಮೂರು ಡಿಗ್ರಿ ವ್ಯತ್ಯಾಸವೇ ಪದರಗಳು ಬೆರೆಯದಂತೆ ತಡೆಯಲು ಸಾಕು.

ತಳದ ಪದರಕ್ಕೆ ಗಾಳಿ ತಲುಪುವುದಿಲ್ಲ. ಅಲ್ಲಿ ಕೊಳೆಯುವ ಸಗಣಿ, ಎಲೆ, ತಿನ್ನದೆ ಉಳಿದ ಆಹಾರ ಇರುವ ಆಮ್ಲಜನಕವನ್ನೆಲ್ಲ ತೀರಿಸುತ್ತವೆ. ಮೋಡ ಕವಿದು, ಗಾಳಿ ಬೀಸಿ, ರಾತ್ರಿ ತಣ್ಣನೆಯ ಮಳೆ ಸುರಿದರೆ ಮೇಲಿನ ನೀರು ತಣಿದು ಭಾರವಾಗಿ ಕೆಳಗಿಳಿಯುತ್ತದೆ, ತಳದ ಕೆಟ್ಟ ನೀರು ಮೇಲೇಳುತ್ತದೆ. ಹೊಂಡವೇ ಮಗುಚಿದಂತಾಗಿ ಮೀನಿಗೆ ಉಸಿರಾಡಲು ಎಡೆಯಿರುವುದಿಲ್ಲ. ಬಿಸಿ ನೀರಿನಲ್ಲಿ ಆಮ್ಲಜನಕವೇ ಕಡಿಮೆ ಎಂಬುದನ್ನೂ ನೆನಪಿಡಬೇಕು. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು, 30 ಡಿಗ್ರಿಯಲ್ಲಿ 7.5 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಬೇಸಿಗೆಯಲ್ಲಿ ಹಸಿ ಸಗಣಿಯನ್ನು ಒಮ್ಮೆಗೇ ಸುರಿಯಬೇಡಿರಿ. ಮೋಡದ ದಿನ ಆಹಾರವನ್ನು ಕಡಿಮೆ ಮಾಡಿರಿ ಅಥವಾ ನಿಲ್ಲಿಸಿರಿ. ಮಧ್ಯಾಹ್ನದ ಹೊತ್ತಿನಲ್ಲಿ ಆಗಾಗ ನೀರನ್ನು ಪಂಪಿನಿಂದ ಎತ್ತಿ ಹೊಂಡದ ಮೇಲೆಯೇ ಚಿಮ್ಮಿಸಿದರೆ ಪದರಗಳು ಬಲಿಯುವ ಮೊದಲೇ ಬೆರೆಯುತ್ತವೆ. ಮೀನು ಬಾಯಿ ಬಿಡುತ್ತಿದ್ದರೆ ತಡಮಾಡದೆ ನೀರು ಚಿಮ್ಮಿಸಿರಿ, ಸಾಧ್ಯವಿದ್ದರೆ ಹೊಸ ನೀರು ಬಿಡಿರಿ. ಮಳೆ ಬಂದ ರಾತ್ರಿಯ ಮರುದಿನ ನಸುಕಿನಲ್ಲಿ ಹೊಂಡವನ್ನು ತಪ್ಪದೆ ನೋಡಿರಿ.

ಕೊನೆಯ ಮಾತು

ಮೊದಲು ಹೇಳಿದ ಹೆಣ್ಣುಮಗಳಿಗೆ ನಾನು ಹೇಳಿದ್ದು ಇಷ್ಟೆ: "ನಾಳೆ ನಿಮ್ಮ ಹಾಲಿನ ಒಂದು ಪಾವು ಮಾದರಿಯನ್ನು ಎಲ್ಲರೆದುರಿಗೆ ಎರಡು ಸಲ ಅಳೆಯಲು ಕೇಳಿರಿ, ಬಂದ ಕೂಡಲೇ ಒಮ್ಮೆ, ತಣ್ಣೀರಿನಲ್ಲಿಟ್ಟು ಆರಿದ ಮೇಲೆ ಒಮ್ಮೆ." ಅವರು ಹಾಗೆಯೇ ಮಾಡಿದರು. ಮೊದಲನೆಯ ಸಲ 26, ಎರಡನೆಯ ಸಲ 29. ಅಂದಿನಿಂದ ಆ ಡೇರಿಯ ಗೋಡೆಯ ಮೊಳೆಗೆ ಒಂದು ಉಷ್ಣಮಾಪಕ ನೇತುಬಿದ್ದಿದೆ ಎಂದು ಆಮೇಲೆ ತಿಳಿದುಬಂತು.

ಒಂದು ಲೀಟರಿನಲ್ಲಿ ಮೂರು ಗ್ರಾಂ ಅಂದರೆ ತೀರ ಸಣ್ಣ ಪ್ರಮಾಣ. ಗದ್ದೆಗೆ ಹಾಯುವ ನೀರಿನಲ್ಲಿ ಅದು ಏನೂ ಅಲ್ಲ. ಆದರೆ ಮಾಪಕದ ಮುಂದೆ ಅದೇ ಮೂರು ಗ್ರಾಂ ಒಬ್ಬರ ಮಾತನ್ನು ನಿಜವೋ ಸುಳ್ಳೋ ಮಾಡುತ್ತದೆ. ಆದ್ದರಿಂದ ರೈತ ಬಾಂಧವರು ತಮ್ಮ ಸಂಘದಲ್ಲಿ ಲ್ಯಾಕ್ಟೋಮೀಟರಿನ ಪಕ್ಕದಲ್ಲಿ ಉಷ್ಣಮಾಪಕ ಇದೆಯೇ ಎಂದು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ ಕೇಳಿ ತರಿಸಬೇಕು. ಮೀನು ಸಾಕುವವರು ಹೆಚ್ಚಿನ ವಿವರಗಳಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಮೀನುಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ ಸಂಪರ್ಕಿಸಬಹುದು.